ಹೂಡುವ ಹೊತ್ತು ಬೇರೆ, ಹೊರಡುವ ಹೊತ್ತು ಬೇರೆ: ಯೀಸ್ಟ್ ಕೋಶದಲ್ಲಿ ಡಿಎನ್‌ಎ ನಕಲಿನ ಆರಂಭ

ಮೊಗ್ಗೊಡೆದು ಹೆಚ್ಚುವ ಯೀಸ್ಟ್, ಅಂದರೆ ಸ್ಯಾಕರೋಮೈಸಿಸ್ ಸೆರೆವಿಸಿಯೆ, ತನ್ನ 16 ವರ್ಣತಂತುಗಳಲ್ಲಿ ಸುಮಾರು 1.2 ಕೋಟಿ ಬೇಸ್ ಜೋಡಿಗಳಷ್ಟು ಡಿಎನ್‌ಎ ಇಟ್ಟುಕೊಂಡಿದೆ. ಹೊಟ್ಟೆ ತುಂಬ ಆಹಾರ, 30 ಡಿಗ್ರಿ ಸೆಲ್ಸಿಯಸ್ ಶಾಖ ಸಿಕ್ಕರೆ ಸುಮಾರು 90 ನಿಮಿಷಕ್ಕೆ ಒಂದು ಕೋಶ ಎರಡಾಗುತ್ತದೆ. ಅದರಲ್ಲಿ ಡಿಎನ್‌ಎ ನಕಲಿಗೆ ಸಿಗುವುದು ಅರ್ಧ ಗಂಟೆಯ ಆಸುಪಾಸು ಮಾತ್ರ. ನಕಲು ಮಾಡುವ ಯಂತ್ರ ನಿಮಿಷಕ್ಕೆ ಸುಮಾರು 2,000 ಬೇಸ್ ಜೋಡಿ ದಾಟುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕನೆಯ ವರ್ಣತಂತುವಿನ ಉದ್ದ 15 ಲಕ್ಷ ಬೇಸ್ ಜೋಡಿ. ಅದರ ನಟ್ಟನಡುವೆ ಒಂದೇ ಕಡೆ ಶುರು ಮಾಡಿ ಎರಡೂ ದಿಕ್ಕಿಗೆ ಓಡಿದರೆ ತುದಿ ಮುಟ್ಟಲು ಆರು ಗಂಟೆಗೂ ಹೆಚ್ಚು ಬೇಕು. ಹಾಗಾಗಿ ಯೀಸ್ಟ್ ಹಲವು ಕಡೆಯಿಂದ ಶುರು ಮಾಡುತ್ತದೆ. ಇಡೀ ಜೀನೋಮ್‌ನಲ್ಲಿ ಇಂಥ ಆರಂಭದ ತಾಣಗಳು ಸುಮಾರು 400. ಸರಾಸರಿ ಲೆಕ್ಕದಲ್ಲಿ 30,000 ಬೇಸ್ ಜೋಡಿಗೆ ಒಂದು.

ಹಲವು ಕಡೆ ಶುರು ಮಾಡುತ್ತೇವೆ ಅಂದ ಕೂಡಲೇ ಎರಡು ಅಪಾಯಗಳು ಎದುರಾಗುತ್ತವೆ. ಒಂದೇ ತಾಣದಿಂದ ಒಂದೇ ಸುತ್ತಿನಲ್ಲಿ ಎರಡು ಸಲ ನಕಲು ಹೊರಟರೆ ಆ ಭಾಗದ ಜೀನ್‌ಗಳು ಬೇಡದೆ ಹೆಚ್ಚುತ್ತವೆ, ಒಂದರ ಬೆನ್ನಿಗೆ ಒಂದು ಓಡುವ ಕವಲುಗಳಿಂದ (ಎಳೆ ಬಿಚ್ಚಿ ನಕಲು ನಡೆಯುವ ಜಾಗಗಳಿಂದ) ಡಿಎನ್‌ಎ ತುಂಡಾಗುತ್ತದೆ. ತಾಣಗಳು ಕಡಿಮೆಯಾದರೆ ನಡುವೆ ನಕಲಾಗದ ಭಾಗ ಉಳಿದು, ಕೋಶ ಇಬ್ಭಾಗವಾಗುವಾಗ ಅದೇ ಜಾಗದಲ್ಲಿ ವರ್ಣತಂತು ಹರಿಯುತ್ತದೆ. ಯಾವ ತಾಣದ ನಕಲು ಮುಗಿಯಿತು, ಯಾವುದು ಬಾಕಿ ಎಂದು ಲೆಕ್ಕ ಬರೆದಿಡುವವರು ಕೋಶದೊಳಗೆ ಯಾರೂ ಇಲ್ಲ. ಅದರ ಬದಲು ಯೀಸ್ಟ್ ಕೆಲಸವನ್ನು ಎರಡಾಗಿ ಒಡೆದು, ಎರಡು ಬೇರೆ ಹೊತ್ತಿಗೆ ಹಂಚಿದೆ. ಗಾಡಿ ಹೂಡುವ ಹೊತ್ತಿನಲ್ಲಿ ಹೊರಡಲು ಆಗದು. ಹೊರಡುವ ಹೊತ್ತು ಬಂದ ಮೇಲೆ ಹೊಸದಾಗಿ ಹೂಡಲು ಆಗದು. ಪ್ರಯೋಗಾಲಯದ ಮಾತಿನಲ್ಲಿ ಮೊದಲನೆಯದು ಲೈಸೆನ್ಸಿಂಗ್, ಎರಡನೆಯದು ಫೈರಿಂಗ್. ಎರಡಕ್ಕೂ ಯಜಮಾನ ಒಂದೇ ಕಿಣ್ವ: ಸೈಕ್ಲಿನ್ ಎಂಬ ಪ್ರೋಟೀನ್ ಜೊತೆ ಸೇರಿ ಬೇರೆ ಪ್ರೋಟೀನ್‌ಗಳ ಮೇಲೆ ಫಾಸ್ಫೇಟ್ ಹಚ್ಚುವ ಸಿಡಿಕೆ. ಅದು ತಗ್ಗಿದಾಗ ಹೂಡುವುದು, ಏರಿದಾಗ ಹೊರಡುವುದು. ಈ ಒಂದು ಎಳೆ ಕೈಯಲ್ಲಿದ್ದರೆ ಮುಂದೆ ಬರುವ ಪ್ರೋಟೀನ್ ಹೆಸರುಗಳ ಕಾಡಿನಲ್ಲಿ ದಾರಿ ತಪ್ಪುವುದಿಲ್ಲ.

ತಾಣ

1979ರಲ್ಲಿ ಸ್ಟಿಂಚ್‌ಕಾಂಬ್, ಸ್ಟ್ರೂಲ್ ಮತ್ತು ಡೇವಿಸ್ ಅವರು ಟಿಆರ್‌ಪಿ1 ಜೀನ್ ಇರುವ ಡಿಎನ್‌ಎ ತುಂಡೊಂದು ಯೀಸ್ಟ್ ಒಳಗೆ ವರ್ಣತಂತುವಿಗೆ ಅಂಟಿಕೊಳ್ಳದೆ, ತಾನೇ ತಾನಾಗಿ ನಕಲಾಗುತ್ತಾ ಉಳಿಯುವುದನ್ನು ತೋರಿಸಿದರು. ಅಂಥ ತುಂಡಿಗೆ ಎಆರ್‌ಎಸ್ ಎಂಬ ಹೆಸರು ಬಂತು, ಇದು ಎಆರ್‌ಎಸ್1. ಅದರ ಹೃದಯದಲ್ಲಿರುವುದು ಹೆಚ್ಚುಕಡಿಮೆ ಬರೀ ಎ ಮತ್ತು ಟಿಗಳಿಂದಾದ 11 ಬೇಸ್‌ಗಳ ಒಂದು ಸಾಲು. ಅದನ್ನು ಕೆಡಿಸಿದರೆ ತಾಣ ಸಾಯುತ್ತದೆ. ಪಕ್ಕದಲ್ಲಿ ಬಿ1, ಬಿ2, ಬಿ3 ಎಂಬ ಇನ್ನೂ ಮೂರು ತುಣುಕುಗಳಿವೆ. ಇವುಗಳಲ್ಲಿ ಒಂದನ್ನು ಕೆಡಿಸಿದರೆ ತಾಣ ಕುಂಟುತ್ತಾ ನಡೆಯುತ್ತದೆ, ಒಂದಕ್ಕಿಂತ ಹೆಚ್ಚು ಕೆಡಿಸಿದರೆ ನಿಲ್ಲುತ್ತದೆ. ಮಾರಾರೆನ್ಸ್ ಮತ್ತು ಸ್ಟಿಲ್ಮನ್ 1992ರಲ್ಲಿ ಎಆರ್‌ಎಸ್1ರ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಹೋಗಿ ಈ ನಕ್ಷೆ ಬಿಡಿಸಿದರು.

ಆ 11 ಬೇಸ್‌ಗಳ ಸಾಲು ಕಂಡಲ್ಲೆಲ್ಲ ಆರಂಭದ ತಾಣ ಇದೆ ಎಂದುಕೊಳ್ಳಬೇಡಿ. ಅದನ್ನು ಹೋಲುವ ಸಾಲುಗಳು ಜೀನೋಮ್‌ನಲ್ಲಿ ಸಾವಿರಾರು ಇವೆ, ಕೆಲಸ ಮಾಡುವವು ನೂರರ ಲೆಕ್ಕದಲ್ಲಿ. ಸುತ್ತ ನ್ಯೂಕ್ಲಿಯೋಸೋಮ್ (ಡಿಎನ್‌ಎ ಸುತ್ತಿಕೊಂಡ ಪ್ರೋಟೀನ್ ಉಂಡೆ) ಇಲ್ಲದ ಬಯಲು ಜಾಗವೂ ಬೇಕು. ಜೀನೋಮ್ ಸಾಲನ್ನು ಕಂಪ್ಯೂಟರ್‌ನಲ್ಲಿ ಹುಡುಕಿ ತಾಣ ಘೋಷಿಸುವವರು ಎಡವುವುದು ಇಲ್ಲೇ.

1992ರಲ್ಲೇ ಬೆಲ್ ಮತ್ತು ಸ್ಟಿಲ್ಮನ್ ಈ ಸಾಲನ್ನು ಹಿಡಿಯುವ ಆರು ಭಾಗಗಳ ಪ್ರೋಟೀನ್ ಕೂಟವನ್ನು ಬೇರ್ಪಡಿಸಿದರು: ಓಆರ್‌ಸಿ. ಕೋಶದ ಇಂಧನವಾದ ಎಟಿಪಿ ಇದ್ದರೆ ಮಾತ್ರ ಅದು ಸರಿಯಾಗಿ ಕೂರುತ್ತದೆ. ಇಲ್ಲೊಂದು ಮಾತು ಗಮನಿಸಬೇಕು. ಮೊಗ್ಗೊಡೆಯುವ ಯೀಸ್ಟ್‌ನಲ್ಲಿ ಓಆರ್‌ಸಿ ಕೋಶಚಕ್ರದ ಉದ್ದಕ್ಕೂ ತಾಣದ ಮೇಲೆಯೇ ಕೂತಿರುತ್ತದೆ. ಹಾಗಾಗಿ ಓಆರ್‌ಸಿ ಕೂತಿದೆ ಎಂಬುದು ನಕಲು ಶುರುವಾಗುತ್ತದೆ ಎನ್ನುವುದಕ್ಕೆ ಸಾಕ್ಷಿಯಲ್ಲ. ಅದು ಜಾಗ ತೋರಿಸುವ ಕಲ್ಲು ಅಷ್ಟೇ. ಹೊತ್ತು ತೋರಿಸುವುದು ಬೇರೆ ಪ್ರೋಟೀನ್‌ಗಳು.

ಹೂಡುವುದು

ಡಿಎನ್‌ಎ ಎಳೆಗಳನ್ನು ಬಿಡಿಸುವ ಎಂಜಿನ್ನಿನ ತಿರುಳು ಎಂಸಿಎಂ2ರಿಂದ ಎಂಸಿಎಂ7ರವರೆಗಿನ ಆರು ಪ್ರೋಟೀನ್‌ಗಳ ಉಂಗುರ. ಕೋಶ ವಿಭಜನೆ ಮುಗಿಯುವ ಹೊತ್ತಿನಿಂದ ನಕಲಿಗೆ ಮುಂಚಿನ ಜಿ1 ಹಂತದ ಕೊನೆಯವರೆಗೆ, ಅಂದರೆ ಸಿಡಿಕೆ ತಗ್ಗಿರುವ ಅವಧಿಯಲ್ಲಿ, ಈ ಉಂಗುರ ಡಿಎನ್‌ಎ ಮೇಲೆ ಏರುತ್ತದೆ. ಮೊದಲು ಓಆರ್‌ಸಿ ಜೊತೆ ಸಿಡಿಸಿ6 ಸೇರುತ್ತದೆ. ಆಮೇಲೆ ಸಿಡಿಟಿ1 ತನ್ನ ಜೊತೆ ಎಂಸಿಎಂ ಉಂಗುರವನ್ನು ಕರೆತರುತ್ತದೆ. ಉಂಗುರದಲ್ಲಿ ಎಂಸಿಎಂ2 ಮತ್ತು ಎಂಸಿಎಂ5ರ ನಡುವೆ ಒಂದು ಬಾಗಿಲಿದೆ. ಡಿಎನ್‌ಎ ಒಳಗೆ ನುಗ್ಗುವುದು ಅಲ್ಲಿಂದ. ಮೊದಲ ಉಂಗುರ ಕೂತ ಮೇಲೆ ಎರಡನೆಯದು ಬಂದು, ಎರಡೂ ಮುಖಾಮುಖಿಯಾಗಿ ಬೆಸೆದುಕೊಳ್ಳುತ್ತವೆ. ಇದೇ ಜೋಡಿ ಉಂಗುರ. ಮುಂದೆ ಎರಡು ದಿಕ್ಕಿಗೆ ಎರಡು ಕವಲು ಹೊರಡಬೇಕಲ್ಲ, ಅದಕ್ಕೆ ಬೇಕಾದ ಸಮತೋಲ ಈ ಮುಖಾಮುಖಿ ಜೋಡಣೆಯಲ್ಲೇ ಇದೆ.

ಈ ಹಂತದಲ್ಲಿ ಉಂಗುರ ನಿಷ್ಕ್ರಿಯ. ಎರಡೂ ಎಳೆಗಳ ಸುತ್ತ ಸುಮ್ಮನೆ ಕೂತಿರುತ್ತದೆ, ತಳ್ಳಿದರೆ ಡಿಎನ್‌ಎ ಉದ್ದಕ್ಕೂ ಜಾರುತ್ತದೆ, ಆದರೆ ಎಳೆಗಳನ್ನು ಬಿಡಿಸುವುದಿಲ್ಲ. 2009ರಲ್ಲಿ ಎರಡು ತಂಡಗಳು ಶುದ್ಧ ಪ್ರೋಟೀನ್‌ಗಳನ್ನಷ್ಟೇ ಬೆರೆಸಿ ಈ ಹೂಡುವ ಕೆಲಸವನ್ನು ಕೊಳವೆಯಲ್ಲಿ ಮಾಡಿ ತೋರಿಸಿದವು. ಆ ಪ್ರಯೋಗ ಮಾಡುವವರಿಗೆ ಒಂದು ಸರಳ ಪರೀಕ್ಷೆ ಇದೆ: ಅರ್ಧ ಮೋಲಾರ್ ಉಪ್ಪಿನ ನೀರಿನಲ್ಲಿ ತೊಳೆಯುವುದು. ಓಆರ್‌ಸಿ, ಸಿಡಿಸಿ6, ಸಿಡಿಟಿ1 ಎಲ್ಲ ತೊಳೆದು ಹೋಗುತ್ತವೆ. ಸರಿಯಾಗಿ ಹೂಡಿದ ಎಂಸಿಎಂ ಜೋಡಿ ಉಂಗುರ ಮಾತ್ರ ಉಳಿಯುತ್ತದೆ. ಎಟಿಪಿ ಬದಲು ಸುಲಭವಾಗಿ ಮುರಿಯಲು ಬಾರದ ಎಟಿಪಿ-ಗಾಮಾ-ಎಸ್ ಕೊಟ್ಟರೆ ಎಲ್ಲವೂ ಡಿಎನ್‌ಎ ಮೇಲೆ ಸೇರಿದಂತೆ ಕಾಣುತ್ತದೆ, ಉಪ್ಪು ತಾಕಿದ ಕೂಡಲೇ ಎಂಸಿಎಂ ಕೂಡ ಜಾರಿ ಹೋಗುತ್ತದೆ. ಬಂದು ಸೇರುವುದು ಬೇರೆ, ಹೂಡಿಕೊಳ್ಳುವುದು ಬೇರೆ. ಉಪ್ಪಿನ ತೊಳೆತ ಇಲ್ಲದೆ ಎಂಸಿಎಂ ಬ್ಯಾಂಡ್ ತೋರಿಸಿ ಲೈಸೆನ್ಸಿಂಗ್ ಆಯಿತು ಎನ್ನುವ ಫಲಿತಾಂಶವನ್ನು ನಾನಂತೂ ನಂಬುವುದಿಲ್ಲ.

ಸಿಕ್1 ಎಂಬ ತಡೆ

ಜಿ1 ಹಂತದಲ್ಲಿ ಸಿಡಿಕೆಯನ್ನು ತಗ್ಗಿಸಿಡುವ ಏರ್ಪಾಡುಗಳಲ್ಲಿ ಸಿಕ್1 ಎಂಬ ಪ್ರೋಟೀನ್‌ಗೆ ವಿಶೇಷ ಜಾಗ. ನಕಲು ನಡೆಯುವ ಎಸ್ ಹಂತದ ಸೈಕ್ಲಿನ್‌ಗಳಾದ ಸಿಎಲ್‌ಬಿ5, ಸಿಎಲ್‌ಬಿ6 ಜಿ1ರ ಕೊನೆಗೆ ತಯಾರಾಗಿ ಸಿಡಿಕೆಗೆ ಅಂಟಿಕೊಂಡರೂ ಸಿಕ್1 ಅವುಗಳ ಕತ್ತು ಹಿಡಿದು ಕೂತಿರುತ್ತದೆ. ಸಿಎಲ್‌ಎನ್1, ಸಿಎಲ್‌ಎನ್2 ಸೈಕ್ಲಿನ್‌ಗಳ ಸಿಡಿಕೆ ಮೇಲೆ ಸಿಕ್1ಗೆ ಹಿಡಿತವಿಲ್ಲ. ಕೋಶ ಸಾಕಷ್ಟು ಬೆಳೆದು ಸ್ಟಾರ್ಟ್ ಎಂಬ ಗಡಿ ದಾಟಿದಾಗ ಇವೇ ಸಿಕ್1 ಮೇಲೆ ಫಾಸ್ಫೇಟ್ ಹಚ್ಚತೊಡಗುತ್ತವೆ. ಒಂದೆರಡು ಫಾಸ್ಫೇಟ್ ಸಾಲದು. ಹಲವು ಕಡೆ ಹಚ್ಚಿದ ಮೇಲಷ್ಟೇ ಎಸ್‌ಸಿಎಫ್ ಕೂಟದ ಸಿಡಿಸಿ4 ಅದನ್ನು ಗುರುತಿಸಿ ನಾಶಕ್ಕೆ ಕಳಿಸುತ್ತದೆ. ಸ್ವಲ್ಪ ಸಿಕ್1 ಹೋದರೆ ಸ್ವಲ್ಪ ಸಿಎಲ್‌ಬಿ5 ಬಿಡುಗಡೆಯಾಗುತ್ತದೆ, ಆ ಸಿಎಲ್‌ಬಿ5 ಉಳಿದ ಸಿಕ್1 ಮೇಲೆ ಇನ್ನಷ್ಟು ಫಾಸ್ಫೇಟ್ ಹಚ್ಚುತ್ತದೆ. ಕಟ್ಟೆ ಒಡೆದಂತೆ ಕೆಲವೇ ನಿಮಿಷದಲ್ಲಿ ಸಿಕ್1 ಖಾಲಿ. ಸಿಡಿಕೆ ಮೆಲ್ಲಗೆ ಏರುವ ಬದಲು ಥಟ್ಟನೆ ಏರುವುದು ಇದರಿಂದ. ಮೆಲ್ಲಗೆ ಏರಿದ್ದರೆ ಹೂಡುವ ಹೊತ್ತು ಮತ್ತು ಹೊರಡುವ ಹೊತ್ತು ಒಂದರ ಮೇಲೊಂದು ಬೀಳುತ್ತಿದ್ದವು.

ಸಿಡಿಸಿ4 ಕೆಟ್ಟಿರುವ, ಶಾಖಕ್ಕೆ ಸೋಲುವ ಮ್ಯೂಟೆಂಟ್ ಅನ್ನು 37 ಡಿಗ್ರಿಗೆ ಏರಿಸಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಕೋಶ ಒಂದಾದ ಮೇಲೊಂದು ಉದ್ದನೆಯ ಮೊಗ್ಗು ಹೊರಡಿಸುತ್ತಲೇ ಇರುತ್ತದೆ, ನ್ಯೂಕ್ಲಿಯಸ್ ಒಂದೇ, ಡಿಎನ್‌ಎ ನಕಲಾಗಿಯೇ ಇಲ್ಲ. ಸಿಎಲ್‌ಎನ್ ಸಿಡಿಕೆ ಕೆಲಸ ಮಾಡುತ್ತಿದೆ, ಮೊಗ್ಗು ಬರುತ್ತಿದೆ. ಸಿಕ್1 ಕರಗದೆ ಸಿಎಲ್‌ಬಿ ಸಿಡಿಕೆ ಬಂಧಿಯಾಗಿದೆ. ಅದೇ ಮ್ಯೂಟೆಂಟ್‌ನಲ್ಲಿ ಸಿಕ್1 ಜೀನ್ ಕಿತ್ತುಹಾಕಿದರೆ ಡಿಎನ್‌ಎ ನಕಲಾಗುತ್ತದೆ. ಮೊಗ್ಗು ಕಂಡಿತು ಅಂದಮಾತ್ರಕ್ಕೆ ಎಸ್ ಹಂತ ಬಂತು ಎಂದು ಬರೆದುಕೊಳ್ಳುವ ಅಭ್ಯಾಸವಿದ್ದರೆ ಈ ಚಿತ್ರವನ್ನು ಒಮ್ಮೆ ಕಣ್ತುಂಬ ನೋಡಬೇಕು.

ಸಿಕ್1 ಇಲ್ಲದ ಯೀಸ್ಟ್ ಬದುಕುತ್ತದೆ. ಆದರೆ ಅದರ ವರ್ಣತಂತುಗಳು ಪದೇ ಪದೇ ಮುರಿಯುತ್ತವೆ, ಕಳೆದುಹೋಗುತ್ತವೆ. ಕಾರಣ ಮೊದಲ ನೋಟಕ್ಕೆ ತಿಳಿಯುವಂಥದ್ದಲ್ಲ. ಸಿಡಿಕೆ ಬೇಗ ಏರುವುದರಿಂದ ಹೂಡುವ ಅವಧಿ ಮೊಟಕಾಗುತ್ತದೆ, ಕಡಿಮೆ ತಾಣಗಳು ಸಿದ್ಧವಾಗುತ್ತವೆ. ಎರಡು ತಾಣಗಳ ನಡುವಿನ ಅಂತರ ಹೆಚ್ಚಿ, ನಕಲು ಮುಗಿಯುವ ಮೊದಲೇ ವಿಭಜನೆ ಶುರುವಾಗುತ್ತದೆ. ಸಿಎಲ್‌ಎನ್2 ಅತಿಯಾಗಿ ತಯಾರಾದರೂ ಇದೇ ಬಗೆಯ ತೊಂದರೆ. ಸಿಡಿಕೆ ಜಾಸ್ತಿಯಾದರೆ ನಕಲು ಜಾಸ್ತಿಯಾಗಬೇಕಲ್ಲವೇ ಎಂದು ಕೇಳುವವರಿಗೆ ಇದು ಉತ್ತರ: ಹೂಡದ ಗಾಡಿಗೆ ಎಷ್ಟು ಚಾಟಿ ಬೀಸಿದರೂ ಅದು ಕದಲುವುದಿಲ್ಲ.

ಹೊರಡುವುದು

ಹೂಡಿದ ಎಂಸಿಎಂ ಅನ್ನು ಎಬ್ಬಿಸಲು ಎರಡು ಕೈನೇಸ್, ಅಂದರೆ ಫಾಸ್ಫೇಟ್ ಹಚ್ಚುವ ಕಿಣ್ವ, ಬೇಕು. ಒಂದು ಡಿಡಿಕೆ: ಸಿಡಿಸಿ7 ಅದರ ಕೈ, ಡಿಬಿಎಫ್4 ಅದರ ಕೀಲಿಕೈ. ಡಿಬಿಎಫ್4 ಜಿ1ರಲ್ಲಿ ಎಪಿಸಿ ಎಂಬ ಕೂಟದಿಂದ ನಾಶವಾಗುತ್ತಿದ್ದು, ಜಿ1 ಮುಗಿಯುವ ಹೊತ್ತಿಗೆ ಉಳಿಯತೊಡಗುತ್ತದೆ. ಡಿಡಿಕೆ ಎಂಸಿಎಂ4, ಎಂಸಿಎಂ6ರ ಬಾಲಗಳ ಮೇಲೆ ಫಾಸ್ಫೇಟ್ ಹಚ್ಚುತ್ತದೆ. ಬಿಡಿ ಉಂಗುರಕ್ಕಿಂತ ಡಿಎನ್‌ಎ ಮೇಲೆ ಹೂಡಿಕೊಂಡ ಜೋಡಿ ಉಂಗುರವೇ ಅದಕ್ಕೆ ಹೆಚ್ಚು ಇಷ್ಟ. ಆ ಫಾಸ್ಫೇಟ್‌ಗಳನ್ನು ಹಿಡಿದು ಎಸ್‌ಎಲ್‌ಡಿ3 ಬರುತ್ತದೆ, ತನ್ನೊಂದಿಗೆ ಸಿಡಿಸಿ45 ತರುತ್ತದೆ. ಎಂಸಿಎಂ4ರ ಬಾಲದ ಒಂದು ಭಾಗ ಸಹಜವಾಗಿ ತಡೆಯಾಗಿ ಕೆಲಸ ಮಾಡುತ್ತದೆ. ಅದನ್ನು ಕತ್ತರಿಸಿದರೆ ಡಿಡಿಕೆ ಇಲ್ಲದೆಯೂ ಕೋಶ ಬದುಕುತ್ತದೆ. ಬಾಬ್1 ಎಂಬ ಎಂಸಿಎಂ5 ಮ್ಯೂಟೆಂಟ್ ಕೂಡ ಹಾಗೆಯೇ ಡಿಡಿಕೆಯ ಹಂಗು ತಪ್ಪಿಸುತ್ತದೆ. ಡಿಡಿಕೆಯ ಮುಖ್ಯ ಕೆಲಸ ಎಂಸಿಎಂ ಮೇಲೆಯೇ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಇನ್ನೊಂದು ಸಿಡಿಕೆ. ಇಲ್ಲಿ ಅದಕ್ಕೆ ಎರಡೇ ಅತ್ಯಗತ್ಯ ಗುರಿಗಳು: ಎಸ್‌ಎಲ್‌ಡಿ2 ಮತ್ತು ಎಸ್‌ಎಲ್‌ಡಿ3. ಫಾಸ್ಫೇಟ್ ಹತ್ತಿದಾಗ ಇವೆರಡೂ ಡಿಪಿಬಿ11 ಎಂಬ ಸೇತುವೆಯ ಎರಡು ತುದಿಗಳಿಗೆ ಅಂಟಿಕೊಳ್ಳುತ್ತವೆ. ಎಸ್‌ಎಲ್‌ಡಿ2 ಕಡೆಯಿಂದ ಜಿನ್ಸ್ ಎಂಬ ಕೂಟ ಮತ್ತು ಹೊಸ ಎಳೆ ಕಟ್ಟುವ ಪಾಲಿಮರೇಸ್ ಎಪ್ಸಿಲಾನ್ ಬರುತ್ತವೆ. (ಜಿನ್ಸ್ ಎಂಬುದು ಜಪಾನಿ ಎಣಿಕೆಯಿಂದ ಬಂದ ಹೆಸರು: ಗೋ, ಇಚಿ, ನಿ, ಸಾನ್, ಅಂದರೆ 5, 1, 2, 3. ಎಸ್‌ಎಲ್‌ಡಿ5, ಪಿಎಸ್‌ಎಫ್1, ಪಿಎಸ್‌ಎಫ್2, ಪಿಎಸ್‌ಎಫ್3 ಎಂಬ ನಾಲ್ಕು ಭಾಗಗಳನ್ನು ನೆನಪಿಡಲು ಇಷ್ಟು ಸಾಕು.) ಸಿಡಿಸಿ45, ಎಂಸಿಎಂ, ಜಿನ್ಸ್ ಮೂರೂ ಸೇರಿದಾಗ 11 ಪ್ರೋಟೀನ್‌ಗಳ ಸಿಎಂಜಿ ಎಂಬ ನಿಜವಾದ ಎಂಜಿನ್ ತಯಾರಾಗುತ್ತದೆ. ಎಂಸಿಎಂ10 ಬಂದು ಕೊನೆಯ ತಳ್ಳು ಕೊಟ್ಟ ಮೇಲೆ ಪ್ರತಿ ಉಂಗುರವೂ ಒಂದು ಎಳೆಯನ್ನು ಹೊರಹಾಕಿ, ಇನ್ನೊಂದನ್ನು ಮಾತ್ರ ಒಳಗಿಟ್ಟುಕೊಂಡು ಓಡುತ್ತದೆ. ಮುಖಾಮುಖಿ ಕೂತಿದ್ದ ಎರಡು ಉಂಗುರಗಳು ಬೆನ್ನು ತಿರುಗಿಸಿ ದೂರ ಸರಿಯುವುದಿಲ್ಲ, ಒಂದನ್ನೊಂದು ಹಾದು ಹೋಗುತ್ತವೆ. ಎರಡೂ ಒಂದೊಂದೇ ಎಳೆಯ ಮೇಲೆ ಇಳಿದ ಹೊರತು ಹಾಗೆ ಹಾದು ಹೋಗಲು ಸಾಧ್ಯವಿಲ್ಲ. ಆ ಕೆಲಸ ಪೂರ್ತಿಯಾಗದೆ ಕವಲು ಹೊರಡದು ಎಂಬ ಖಾತ್ರಿ ರಚನೆಯಲ್ಲೇ ಅಡಗಿದೆ. ಈ ವಿಷಯದಲ್ಲಿ ನನಗೆ ಅತ್ಯಂತ ಚೆಂದ ಅನ್ನಿಸುವ ಭಾಗ ಇದು.

ಎಸ್‌ಎಲ್‌ಡಿ3 ಅನ್ನು ಡಿಪಿಬಿ11ಗೆ ನೇರವಾಗಿ ಬೆಸೆದು, ಎಸ್‌ಎಲ್‌ಡಿ2ರ 84ನೆಯ ಜಾಗದ ಥ್ರಿಯೋನೀನ್ ಎಂಬ ಅಮೈನೋ ಆಮ್ಲದ ಬದಲು ಫಾಸ್ಫೇಟ್‌ನಂತೆ ನಟಿಸುವ ಆಸ್ಪಾರ್ಟೇಟ್ ಇಟ್ಟರೆ ಸಿಡಿಕೆಯ ಪಾತ್ರ ಇಲ್ಲವಾಗುತ್ತದೆ. ಜೊತೆಗೆ ಡಿಬಿಎಫ್4 ಕೂಡ ಒದಗಿಸಿದರೆ ಜಿ1ರಲ್ಲೇ ನಕಲು ಶುರುವಾಗುತ್ತದೆ. 2007ರಲ್ಲಿ ಇದು ಹೊರಬಂದಾಗ ಸಿಡಿಕೆಯ ಗುರಿಗಳ ಬಗ್ಗೆ ಇದ್ದ ಅನುಮಾನ ಬಗೆಹರಿಯಿತು. 2015ರಲ್ಲಿ ಡಿಫ್ಲಿ ಅವರ ತಂಡ 42 ಪಾಲಿಪೆಪ್ಟೈಡ್‌ಗಳಿಂದಾದ 16 ಶುದ್ಧ ಅಂಶಗಳನ್ನು ಬೆರೆಸಿ, ತಾಣದಿಂದ ನಕಲು ಹೊರಡುವುದನ್ನು ಕೊಳವೆಯಲ್ಲೇ ಸಾಧಿಸಿತು.

ಮತ್ತೆ ಹೂಡದಂತೆ

ಸಿಡಿಕೆ ಏರಿದ ಮೇಲೆ ಅದೇ ಕಿಣ್ವ ಹೂಡುವ ದಾರಿಗಳನ್ನು ಒಂದೊಂದಾಗಿ ಮುಚ್ಚುತ್ತದೆ. ಸಿಡಿಸಿ6 ಮೇಲೆ ಫಾಸ್ಫೇಟ್ ಹತ್ತಿ ಅದು ನಾಶವಾಗುತ್ತದೆ; ಅಳಿದುಳಿದದ್ದನ್ನು ವಿಭಜನೆಯ ಸೈಕ್ಲಿನ್ ಸಿಎಲ್‌ಬಿ2 ಹಿಡಿದಿಡುತ್ತದೆ. ಡಿಎನ್‌ಎ ಮೇಲಿಲ್ಲದ ಎಂಸಿಎಂ ಮತ್ತು ಸಿಡಿಟಿ1 ಎರಡೂ ನ್ಯೂಕ್ಲಿಯಸ್‌ನಿಂದ ಹೊರಗೆ ಹೋಗುತ್ತವೆ. ಓಆರ್‌ಸಿಯ ಎರಡನೆಯ ಮತ್ತು ಆರನೆಯ ಭಾಗಗಳ ಮೇಲೂ ಫಾಸ್ಫೇಟ್ ಬೀಳುತ್ತದೆ, ಸಿಎಲ್‌ಬಿ5 ನೇರವಾಗಿ ಓಆರ್‌ಸಿ6ಕ್ಕೆ ಅಂಟಿ ಕೂರುತ್ತದೆ. ಪ್ರಾಣಿಗಳಲ್ಲಿ ಸಿಡಿಟಿ1 ಹಿಡಿಯುವ ಜೆಮಿನಿನ್ ಎಂಬ ಪ್ರೋಟೀನ್ ಇದೆ, ಯೀಸ್ಟ್‌ಗೆ ಅದಿಲ್ಲ.

ಇಷ್ಟೊಂದು ಬೀಗಗಳೇಕೆ? ಒಂದೊಂದೂ ಸ್ವಲ್ಪ ಸೋರುತ್ತದೆ. ನೂರಕ್ಕೆ ಒಂದು ಸಲ ತಪ್ಪುವ ಬೀಗವನ್ನು 400 ತಾಣಗಳಿಗೆ ಹಾಕಿದರೆ ಪ್ರತಿ ಸುತ್ತಿನಲ್ಲೂ ನಾಲ್ಕು ತಾಣ ತಪ್ಪುತ್ತವೆ. ಅಂಥ ಮೂರು ಬೀಗಗಳು ಒಂದಕ್ಕೊಂದು ಸಂಬಂಧವಿಲ್ಲದೆ ಕೆಲಸ ಮಾಡಿದರೆ ತಪ್ಪು ಹತ್ತು ಲಕ್ಷಕ್ಕೆ ಒಂದಕ್ಕೆ ಇಳಿಯುತ್ತದೆ. (ಇಲ್ಲಿನ ನೂರಕ್ಕೆ ಒಂದು ಎಂಬುದು ಲೆಕ್ಕ ತಿಳಿಯಲು ಇಟ್ಟುಕೊಂಡ ಸಂಖ್ಯೆ, ಅಳೆದದ್ದಲ್ಲ.) ಪ್ರಯೋಗವೂ ಇದನ್ನೇ ಹೇಳುತ್ತದೆ: ಮೊಗ್ಗೊಡೆಯುವ ಯೀಸ್ಟ್‌ನಲ್ಲಿ ಒಂದು ಬೀಗ ಮುರಿದರೆ ಹೆಚ್ಚೇನೂ ಕಾಣದು. ಓಆರ್‌ಸಿ, ಎಂಸಿಎಂ, ಸಿಡಿಸಿ6 ಮೂರರ ಮೇಲಿನ ಹಿಡಿತವನ್ನೂ ಒಟ್ಟಿಗೆ ಕಳೆದಾಗ ನಕಲಿನ ನಂತರದ ಜಿ2 ಹಂತ ಮತ್ತು ವಿಭಜನೆಯ ನಡುವೆ ನಿಲ್ಲಿಸಿದ ಕೋಶಗಳಲ್ಲಿ ಡಿಎನ್‌ಎ ಎರಡು ಪಟ್ಟನ್ನು ಮೀರಿ ಏರುತ್ತದೆ. ಸೀಳಿ ಹೆಚ್ಚುವ ಯೀಸ್ಟ್ ಸ್ಕಿಜೋಸ್ಯಾಕರೋಮೈಸಿಸ್ ಪಾಂಬೆಯಲ್ಲಿ ಹಾಗಲ್ಲ; ಸಿಡಿಸಿ6ಕ್ಕೆ ಸಮನಾದ ಸಿಡಿಸಿ18 ಒಂದನ್ನೇ ಅತಿಯಾಗಿ ತಯಾರಿಸಿದರೂ ನಕಲು ಮೇಲಿಂದ ಮೇಲೆ ನಡೆಯುತ್ತದೆ. ಒಂದು ಯೀಸ್ಟ್‌ನ ಪಾಠವನ್ನು ಇನ್ನೊಂದಕ್ಕೆ ಹಾಗೆಯೇ ಒಯ್ಯಬಾರದು.

ಮರುನಕಲಿನ ಪ್ರಯೋಗ ಮಾಡುವವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಕೆಡದ ಸಿಡಿಸಿ6 ಅನ್ನು ಗ್ಯಾಲಕ್ಟೋಸ್ ಸಕ್ಕರೆ ಕೊಟ್ಟಾಗ ಜೀನ್ ಚಾಲೂ ಮಾಡುವ ಸ್ವಿಚ್‌ನಿಂದ ತಯಾರಿಸುವಾಗ ಕೋಶಗಳನ್ನು ಮೊದಲು ಶೇ. 2 ರ್‍ಯಾಫಿನೋಸ್‌ನಲ್ಲಿ ಬೆಳೆಸಬೇಕು. ಗ್ಲೂಕೋಸ್ ಚೂರು ಉಳಿದರೂ ಸ್ವಿಚ್ ಗಂಟೆಗಟ್ಟಲೆ ಏಳುವುದಿಲ್ಲ. ಇನ್ನೊಂದು, ಕೋಶಗಳನ್ನು ವಿಭಜನೆಯ ಹಂತದಲ್ಲಿ ನಿಲ್ಲಿಸುವ ನೊಕೊಡಜೋಲ್ ಔಷಧಿ. ಪ್ರತಿ ಮಿಲಿಲೀಟರ್‌ಗೆ 15 ಮೈಕ್ರೋಗ್ರಾಂ ಸಾಕು, ಆದರೆ ಡಿಎಂಎಸ್ಒದಲ್ಲಿ ಕರಗಿಸಿಟ್ಟ ಅದನ್ನು ತಣ್ಣನೆಯ ಮಾಧ್ಯಮಕ್ಕೆ ಒಮ್ಮೆಲೇ ಸುರಿದರೆ ಹರಳುಗಟ್ಟಿ ತಳಕ್ಕೆ ಇಳಿಯುತ್ತದೆ. ಮಾಧ್ಯಮವನ್ನು ಕುಲುಕುತ್ತಾ ಹನಿಹನಿಯಾಗಿ ಬಿಡಬೇಕು. ಹೆಚ್ಚು ಹೊತ್ತು ಬಿಟ್ಟರೆ ಕೆಲವು ಕೋಶಗಳು ತಡೆ ನುಸುಳಿ ಮುಂದಿನ ಸುತ್ತಿಗೆ ಹೋಗುತ್ತವೆ. ಅವು ಮಾಡುವ ಸಹಜ ನಕಲನ್ನು ಮರುನಕಲು ಎಂದು ತಿಳಿಯುವುದೇ ದೊಡ್ಡ ತಪ್ಪು. ಪ್ರತಿ ಮಾದರಿಯಲ್ಲೂ ದೊಡ್ಡ ಮೊಗ್ಗಿನ ಕೋಶಗಳನ್ನು ಎಣಿಸಿಟ್ಟುಕೊಳ್ಳಿ.

ಎಲ್ಲ ತಾಣಗಳೂ ಒಟ್ಟಿಗೆ ಹೊರಡುವುದಿಲ್ಲ. ಸೆಂಟ್ರೋಮಿಯರ್ (ವಿಭಜನೆಯಲ್ಲಿ ವರ್ಣತಂತುವನ್ನು ಎಳೆಯುವ ಹಿಡಿ) ಹತ್ತಿರದವು ಬೇಗ, ಟೆಲೋಮಿಯರ್ (ವರ್ಣತಂತುವಿನ ತುದಿ) ಹತ್ತಿರದವು ತಡ. ಎಸ್‌ಎಲ್‌ಡಿ2, ಎಸ್‌ಎಲ್‌ಡಿ3, ಡಿಪಿಬಿ11, ಸಿಡಿಸಿ45, ಡಿಬಿಎಫ್4 ಇವೆಲ್ಲ ತಾಣಗಳ ಸಂಖ್ಯೆಗೆ ಸಾಲದಷ್ಟು ಇರುವುದರಿಂದ ಮೊದಲು ಸಿಕ್ಕವು ಮೊದಲು ಹೊರಡುತ್ತವೆ, ಕೆಲಸ ಮುಗಿಸಿದ ಅಂಶಗಳು ಮುಂದಿನ ತಾಣಕ್ಕೆ ಸರಿಯುತ್ತವೆ. ಟೆಲೋಮಿಯರ್ ಕಡೆ ರಿಫ್1 ಎಂಬ ಪ್ರೋಟೀನ್ ಪಿಪಿ1 ಫಾಸ್ಫಟೇಸ್ ಅನ್ನು ಕರೆತಂದು ಡಿಡಿಕೆ ಹಚ್ಚಿದ್ದನ್ನು ಅಳಿಸುತ್ತದೆ. ಮುಂದೆ ಹೋದ ಕವಲುಗಳು ಸಿಕ್ಕಿಹಾಕಿಕೊಂಡರೆ ಎಂಇಸಿ1, ರ್‍ಯಾಡ್53 ಎಂಬ ಕಾವಲು ಕೈನೇಸ್‌ಗಳು ಎಚ್ಚೆತ್ತು ಎಸ್‌ಎಲ್‌ಡಿ3 ಮತ್ತು ಡಿಬಿಎಫ್4 ಎರಡನ್ನೂ ತಡೆದು, ತಡವಾದ ತಾಣಗಳನ್ನು ಕಾಯಿಸುತ್ತವೆ.

ನೋಡುವ ಬಗೆ

ಹೂಡುವ ಕೆಲಸಕ್ಕೆ ಬೇಕಾದ ಪ್ರೋಟೀನ್ ಯಾವುದು, ಹೊರಡಿಸಲು ಬೇಕಾದ್ದು ಯಾವುದು ಎಂದು ಬೇರ್ಪಡಿಸಲು ಕೋಶಗಳನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದೇ ನಿರ್ಣಾಯಕ. ಆಲ್ಫಾ ಫ್ಯಾಕ್ಟರ್ (ಯೀಸ್ಟ್‌ನ ಆಲ್ಫಾ ಲಿಂಗದ ಕೋಶಗಳು ಬಿಡುವ ಸಂಕೇತದ ಪೆಪ್ಟೈಡ್) ಹಾಕಿದರೆ ಎ ಲಿಂಗದ ಕೋಶಗಳು ಜಿ1ರಲ್ಲಿ ನಿಲ್ಲುತ್ತವೆ. ಆದರೆ ಆ ಹೊತ್ತಿಗೆ ಎಂಸಿಎಂ ಹೂಡಿ ಆಗಿದೆ. ಅಲ್ಲಿ ನಿಲ್ಲಿಸಿ ಒಂದು ಪ್ರೋಟೀನ್ ಕಳೆದು, ತಡೆ ತೆಗೆದಾಗ ನಕಲು ಸರಾಗವಾಗಿ ಆಯಿತೆಂದರೆ ಆ ಪ್ರೋಟೀನ್ ಹೂಡಲು ಬೇಡ ಎಂದು ಅರ್ಥವಲ್ಲ. ಸರಿಯಾದ ಕ್ರಮ ಹೀಗೆ: ನೊಕೊಡಜೋಲ್‌ನಲ್ಲಿ ನಿಲ್ಲಿಸಿ, ಆಗ ಪ್ರೋಟೀನ್ ಕಳೆದು (ಆಕ್ಸಿನ್ ಕೊಟ್ಟಾಗ ಪ್ರೋಟೀನನ್ನು ನಾಶಕ್ಕೆ ಕಳಿಸುವ ಆಕ್ಸಿನ್ ಡಿಗ್ರಾನ್ ಎಂಬ ತುಣುಕು ಅಂಟಿಸಿದ್ದರೆ ಇದು ಸುಲಭ), ತೊಳೆದು ಆಲ್ಫಾ ಫ್ಯಾಕ್ಟರ್ ಇರುವ ಮಾಧ್ಯಮಕ್ಕೆ ಬಿಡಿ. ಜಿ1ಕ್ಕೆ ಬಂದು ನಿಂತ ಮೇಲೆ ಕ್ರೊಮ್ಯಾಟಿನ್ (ಡಿಎನ್‌ಎ ಮತ್ತು ಅದಕ್ಕೆ ಅಂಟಿದ ಪ್ರೋಟೀನ್‌ಗಳು) ಬೇರ್ಪಡಿಸಿ ಎಂಸಿಎಂ ಇದೆಯೇ ನೋಡಿ. ಇಲ್ಲವಾದರೆ ಹೂಡುವ ಕೆಲಸ ಕೆಟ್ಟಿದೆ. ಎಂಸಿಎಂ ಇದ್ದೂ ಮುಂದೆ ಡಿಎನ್‌ಎ ಹೆಚ್ಚದಿದ್ದರೆ ಹೊರಡುವ ಕೆಲಸ ಕೆಟ್ಟಿದೆ. ಜಿ1ರ ಕೊನೆಯಲ್ಲಿ ಓಆರ್‌ಸಿ ಅಥವಾ ಸಿಡಿಸಿ6 ಕಳೆದರೆ ಹೂಡಿದ್ದೂ ಸಡಿಲವಾಗುವ ಸಾಧ್ಯತೆ ಇರುವುದರಿಂದ, ಬರೀ ಡಿಎನ್‌ಎ ಅಳತೆ ನೋಡಿ ತೀರ್ಮಾನಕ್ಕೆ ಬರಬೇಡಿ.

ಆಲ್ಫಾ ಫ್ಯಾಕ್ಟರ್ ಪ್ರಮಾಣದಲ್ಲೂ ಜಾಗ್ರತೆ ಬೇಕು. ಯೀಸ್ಟ್ ಹೊರಬಿಡುವ ಬಾರ್1 ಎಂಬ ಪ್ರೋಟಿಯೇಸ್ ಅದನ್ನು ಕತ್ತರಿಸಿಹಾಕುತ್ತದೆ. ಬಾರ್1 ಜೀನ್ ತೆಗೆದ ತಳಿಗೆ ಮಿಲಿಲೀಟರ್‌ಗೆ 50ರಿಂದ 100 ನ್ಯಾನೋಗ್ರಾಂ ಸಾಕು. ಜೀನ್ ಇರುವ ತಳಿಗೆ 5ರಿಂದ 10 ಮೈಕ್ರೋಗ್ರಾಂ, ಅಂದರೆ ನೂರು ಪಟ್ಟು. ಕೋಶಗಳ ಸಾಂದ್ರತೆ 600 ನ್ಯಾನೋಮೀಟರ್‌ನಲ್ಲಿ 0.2ರಿಂದ 0.3 ಇರುವಾಗ ಹಾಕಿ. ದಟ್ಟವಾಗಿದ್ದರೆ ಅರ್ಧದಲ್ಲೇ ಆಲ್ಫಾ ಫ್ಯಾಕ್ಟರ್ ಖರ್ಚಾಗಿ ಕೆಲವು ಕೋಶ ತಪ್ಪಿಸಿಕೊಳ್ಳುತ್ತವೆ. ಎರಡು ಗಂಟೆ ಕಳೆದ ಮೇಲೆ ಮೊಗ್ಗಿಲ್ಲದ ಕೋಶಗಳನ್ನು ಎಣಿಸಿ, ನೂರಕ್ಕೆ 95 ದಾಟಿದ ಮೇಲಷ್ಟೇ ತೊಳೆದು ಬಿಡಿ.

ಬಿಟ್ಟ ಮೇಲೆ 5 ನಿಮಿಷಕ್ಕೊಮ್ಮೆ ಮಾದರಿ ತೆಗೆದು ಶೇ. 70 ಎಥನಾಲ್‌ನಲ್ಲಿ ಹಾಕಿ. ಎಥನಾಲ್ ಸುರಿಯುವಾಗ ಕೊಳವೆ ಕುಲುಕುತ್ತಿರಬೇಕು, ಇಲ್ಲವಾದರೆ ಕೋಶಗಳು ಗುಂಪುಗಟ್ಟುತ್ತವೆ. ಆಮೇಲೆ 50 ಮಿಲಿಮೋಲಾರ್ ಸೋಡಿಯಂ ಸಿಟ್ರೇಟ್, ಆರ್‌ಎನ್‌ಏಸ್‌ನಲ್ಲಿ 50 ಡಿಗ್ರಿಯಲ್ಲಿ ಒಂದು ಗಂಟೆ, ಪ್ರೋಟೀನೇಸ್ ಕೆ ಹಾಕಿ ಇನ್ನೊಂದು ಗಂಟೆ, ಕೊನೆಗೆ 1 ಮೈಕ್ರೋಮೋಲಾರ್ ಡಿಎನ್‌ಎಗೆ ಬಣ್ಣ ಹತ್ತಿಸುವ ಸೈಟಾಕ್ಸ್ ಗ್ರೀನ್. ಒಂದೊಂದು ಕೋಶದ ಡಿಎನ್‌ಎ ಅಳೆಯುವ ಫ್ಲೋ ಸೈಟೋಮೀಟರ್‌ಗೆ ಹಾಕುವ ಮೊದಲು ಕೆಲವು ಸೆಕೆಂಡ್ ಹಗುರವಾಗಿ ಸಾನಿಕೇಟ್ ಮಾಡಿ (ಶಬ್ದದ ಅಲೆಗಳಿಂದ ಅಲುಗಿಸಿ). ಹಾಗೆ ಮಾಡದಿದ್ದರೆ ಅಂಟಿಕೊಂಡ ಎರಡು ಜಿ1 ಕೋಶಗಳು ಡಿಎನ್‌ಎ ಇಮ್ಮಡಿಯಾದ ಒಂದು ಕೋಶದಂತೆ ಕಾಣುತ್ತವೆ. ಆರ್‌ಎನ್‌ಎ ಉಳಿದಿದ್ದರೆ ಶಿಖರಗಳು ಅಗಲವಾಗಿ ಒಂದರೊಳಗೊಂದು ಕರಗುತ್ತವೆ. ಎಲ್ಲ ಸರಿಯಿದ್ದರೆ 30 ಡಿಗ್ರಿಯಲ್ಲಿ 20-25 ನಿಮಿಷದ ಹೊತ್ತಿಗೆ 1ಸಿ ಶಿಖರ (ಡಿಎನ್‌ಎ ಇನ್ನೂ ನಕಲಾಗದ ಕೋಶಗಳು) ಬಲಕ್ಕೆ ಸರಿಯತೊಡಗಿ, 45 ನಿಮಿಷದೊಳಗೆ ಹೆಚ್ಚಿನ ಕೋಶ 2ಸಿ, ಅಂದರೆ ಇಮ್ಮಡಿ ಡಿಎನ್‌ಎ, ಮುಟ್ಟುತ್ತವೆ. ತಳಿ, ಮಾಧ್ಯಮ ಬದಲಾದರೆ ಈ ಹೊತ್ತೂ ಬದಲಾಗುತ್ತದೆ.

ಸಿಡಿಸಿ7 ಮ್ಯೂಟೆಂಟ್ ಅನ್ನು 37 ಡಿಗ್ರಿಯಲ್ಲಿ ಗಂಟೆಗಟ್ಟಲೆ ನಿಲ್ಲಿಸಿದಾಗ 1ಸಿ ಶಿಖರ ಮೆಲ್ಲಗೆ ಬಲಕ್ಕೆ ತೆವಳುವುದು ಕಾಣುತ್ತದೆ. ಅದನ್ನು ನೋಡಿ ತಡೆ ಸೋರುತ್ತಿದೆ ಎಂದು ಗಾಬರಿಯಾಗಬೇಡಿ. ನ್ಯೂಕ್ಲಿಯಸ್ ನಿಂತರೂ ಕೋಶ ದೊಡ್ಡದಾಗುತ್ತಾ, ಮೈಟೊಕಾಂಡ್ರಿಯಾದ ಡಿಎನ್‌ಎ ಹೆಚ್ಚುತ್ತಾ ಹೋಗುತ್ತದೆ. ನಿಜವಾದ ನಕಲಾದರೆ ಶಿಖರದ ಕೋಶಗಳು 2ಸಿ ಕಡೆ ಹರಿದು ಅಲ್ಲಿ ನಿಲ್ಲುತ್ತವೆ; ತೆವಳುವ ಶಿಖರ ಎಲ್ಲೂ ನಿಲ್ಲುವುದಿಲ್ಲ.

ಇಷ್ಟೆಲ್ಲ ಯಂತ್ರ ಇಲ್ಲದಿದ್ದರೂ ಆರಂಭದ ದೋಷ ಹಿಡಿಯುವ ಹಳೆಯ, ನಂಬಿಕಸ್ಥ ದಾರಿ ಪ್ಲಾಸ್ಮಿಡ್ (ವರ್ಣತಂತುವಿಗೆ ಸೇರದ ಪುಟ್ಟ ಡಿಎನ್‌ಎ ಬಳೆ) ಕಳೆದುಕೊಳ್ಳುವ ಪರೀಕ್ಷೆ. ಎಂಸಿಎಂ ಜೀನ್‌ಗಳು ಮೊದಲು ಸಿಕ್ಕಿದ್ದೇ ಹೀಗೆ. ಕಿರು ವರ್ಣತಂತುವನ್ನು ಉಳಿಸಿಕೊಳ್ಳಲಾರದ ಮ್ಯೂಟೆಂಟ್‌ಗಳಿಂದ ಆ ಹೆಸರು ಬಂತು. ಒಂದು ಎಆರ್‌ಎಸ್, ಒಂದು ಸೆಂಟ್ರೋಮಿಯರ್, ಯುಆರ್‌ಎ3 ಗುರುತು ಇರುವ ಪ್ಲಾಸ್ಮಿಡ್ ಹಾಕಿ, ಯುರಾಸಿಲ್ ಇಲ್ಲದ ಮಾಧ್ಯಮದಲ್ಲಿ ಬೆಳೆಸಿ, ಆಮೇಲೆ ಯುರಾಸಿಲ್ ಇರುವ ಮಾಧ್ಯಮದಲ್ಲಿ 10 ತಲೆಮಾರು ಬೆಳೆಸಿ. ಮೊದಲೂ ಕೊನೆಯಲ್ಲೂ ಎರಡೂ ಬಗೆಯ ತಟ್ಟೆಗಳ ಮೇಲೆ ಹರಡಿ ಎಣಿಸಿ. ಪ್ಲಾಸ್ಮಿಡ್ ಇರುವ ಕೋಶ ನೂರಕ್ಕೆ 90ರಿಂದ 70ಕ್ಕೆ ಇಳಿದರೆ, 70 ಭಾಗಿಸು 90ರ ಹತ್ತನೆಯ ಮೂಲ 0.975, ಅಂದರೆ ತಲೆಮಾರಿಗೆ ಶೇ. 2.5 ನಷ್ಟ. ಇದು ಆರೋಗ್ಯವಂತ ತಳಿಯಲ್ಲಿ ಕಾಣುವ ಮಟ್ಟ. 60ರಿಂದ 5ಕ್ಕೆ ಇಳಿದರೆ ನಷ್ಟ ಶೇ. 22.

ಈ ನಷ್ಟ ನಕಲಿನ ದೋಷದಿಂದಲೂ ಆಗಬಹುದು, ವಿಭಜನೆಯಲ್ಲಿ ಹಂಚಿಕೆ ತಪ್ಪಿದ್ದರಿಂದಲೂ ಆಗಬಹುದು. ಬಿಡಿಸಿ ನೋಡಲು ಅದೇ ಪ್ಲಾಸ್ಮಿಡ್‌ಗೆ ಇನ್ನೂ ಏಳೆಂಟು ಎಆರ್‌ಎಸ್ ತುಂಡುಗಳನ್ನು ಸೇರಿಸಿ ಮತ್ತೆ ಅಳೆಯಿರಿ. ಒಂದು ತಾಣ ಹೊರಡುವ ಸಾಧ್ಯತೆ ಕಡಿಮೆಯಾಗಿದ್ದರೂ ಎಂಟರಲ್ಲಿ ಯಾವುದಾದರೂ ಒಂದು ಹೊರಡುತ್ತದೆ. ಸಿಡಿಸಿ6 ಮ್ಯೂಟೆಂಟ್‌ನಲ್ಲಿ ಹೀಗೆಯೇ ನಷ್ಟ ಇಳಿಯುತ್ತದೆ. ಹಂಚಿಕೆಯ ದೋಷವಾದರೆ ಎಆರ್‌ಎಸ್ ಎಷ್ಟು ಸೇರಿಸಿದರೂ ಸಂಖ್ಯೆ ಇದ್ದಲ್ಲೇ ಇರುತ್ತದೆ.